ಮರಿ ಎಂಬ ಎರಡಕ್ಷರ

ಹೊಸಂಗಡಿಯ ರೈಲು ಗೇಟು ದಾಟಿ
ಮುಚ್ಚಿದ ಹೆಂಚಿನ ಕಾರ್ಖಾನೆಯ ಗೋಡೆಗೆ ಒರಗಿದ ಓಣಿಯಲ್ಲಿ
ಜತ್ತನ್ನ ಮೇಷ್ಟ್ರ ಮನೆ. ಗುರುವಾರ ಸಂಜೆ ಏಳಕ್ಕೆ
ನಾವು ಐದು ಮಂದಿ, ಒಂದು ಟ್ಯೂಬ್‌ಲೈಟು,
ಒಂದು ಅಧ್ಯಾಯ.

ಓದುವವನು ನಾನು. ಕಾಸರಗೋಡಿನ ಪ್ರೆಸ್ಸಿನಲ್ಲಿ
ಮೂವತ್ತು ವರ್ಷ ಕರಡು ತಿದ್ದಿದವನು;
ಅಲ್ಪವಿರಾಮ ತಪ್ಪಿದರೂ ಗಂಟಲಲ್ಲಿ ಮೀನಿನ ಮುಳ್ಳು.
ಆ ಸಂಜೆ ಬಂದದ್ದು ಆ ಹೆಂಗಸಿನ ಕತೆ:
ತೂರ್ ಸೀದೋನಿನ ಗಡಿಯವಳು,
ಬೇರೆ ಕುಲ, ಬೇರೆ ಮಾತು
(ಯಾವ ಭಾಷೆಯಲ್ಲಿ ಮಾತಾಡಿದರೋ ಇಬ್ಬರೂ, ಪುಸ್ತಕ ಹೇಳುವುದಿಲ್ಲ),
ಮಗಳ ಮೈಮೇಲೆ ಯಾವುದೋ ಬಂದು ಕಾಡುತ್ತಿದೆಯೆಂದು
ಯಾರಿಗೂ ತಿಳಿಯದಿರಲಿ ಎಂದು ಒಳಗೆ ಕೂತವನ ಕಾಲಿಗೆ ಬಿದ್ದಳು.
ಆತನೆಂದ: ಮಕ್ಕಳ ರೊಟ್ಟಿ ಕಿತ್ತು
ನಾಯಿಮರಿಗೆ ಎಸೆಯುವುದುಂಟೇ?

ನಿಲ್ಲಿಸಿದೆ.
ಕೆಂಪು ಪೆನ್ನು ಹಿಡಿಯುವ ಬೆರಳು ತುರಿಸಿತು.
ಕುಷ್ಠದ ಮೈ ಮುಟ್ಟಿದವನ ಬಾಯಲ್ಲಿ
ಈ ಪದ ಅಚ್ಚಿನ ತಪ್ಪಿರಬೇಕು.

ಮೇಷ್ಟ್ರು ಕನ್ನಡಕ ಒರೆಸಿದರು: 'ಪರೀಕ್ಷೆ ಅದು.
ಸುಟ್ಟ ಹೆಂಚನ್ನು ತಟ್ಟಿ ಸದ್ದು ಕೇಳುತ್ತಿದ್ದರಲ್ಲ, ಹಾಗೆ.'
ಮಂಗಳೂರಲ್ಲಿ ದೇವಶಾಸ್ತ್ರ ಕಲಿಯುವ ಜೋಯಲ್
ಮೊಬೈಲಿನಲ್ಲಿ ಗ್ರೀಕ್ ತೆಗೆದ: 'ನೋಡಿ, ಬರೀ ನಾಯಿ ಅಲ್ಲ, ಮರಿ.
ಬೀದಿಯದಲ್ಲ, ಮನೆಯೊಳಗಿನದು. ಮುದ್ದಿನ ಮಾತು.'
ನರ್ಸ್ ಮೇರಿಕುಟ್ಟಿ ಮಲಯಾಳದ ಪುಸ್ತಕ ಬಿಡಿಸಿ
'ನಾಯ್ಕುಟ್ಟಿ' ಎಂದು ಓದಿದಳು; ತನ್ನ ಹೆಸರಿನ ಬಾಲದಲ್ಲೂ
ಅದೇ ಕುಟ್ಟಿ ಕಂಡು
ನಗಲೋ ಬೇಡವೋ ಎಂದು ನಮ್ಮ ಮುಖ ನೋಡಿದಳು.

ನನಗೂ ಸಮಾಧಾನವಾಯಿತೆನ್ನಿ.
ಮರಿ. ಎರಡೇ ಅಕ್ಷರ.
ಅಜ್ಜಿ ನನ್ನನ್ನು ಹಾಗೇ ಕರೆದದ್ದು: ಬಾ ಮರಿ, ಉಣ್ಣು ಮರಿ.
ಏಟು ಬಿದ್ದಲ್ಲಿ ಅರಿಶಿನ ಹಚ್ಚಿದ ಹಾಗೆ
ಪದದ ಮೇಲೊಂದು ಪದ.
ಪುಟ ತಿರುವಲು ಬೆರಳು ಒದ್ದೆ ಮಾಡಿಕೊಂಡೆ.

'ಮರಿಯಾದರೂ ನಾಯಿಯೇ ಅಲ್ವಾ' ಎಂದಳು
ಬಾಗಿಲ ಬಳಿ ಕೂತ ಲಿಡಿಯಕ್ಕ.
ಆರು ವರ್ಷದಿಂದ ಬರುತ್ತಾಳೆ, ಚಹಾ ಲೋಟ ತೊಳೆದಿಟ್ಟು ಹೋಗುತ್ತಾಳೆ,
ಈವರೆಗೆ ಬಾಯಿ ಬಿಟ್ಟದ್ದು ಆಮೆನ್‌ಗೆ ಮಾತ್ರ.
'ನಮ್ಮಮ್ಮ ನೇಜಿ ನೆಡಲು ಹೋಗುತ್ತಿದ್ದ ಮನೆಯಲ್ಲಿ
ಹಿತ್ತಿಲ ಕಲ್ಲಿನ ಮೇಲೆ ಉಂಡವಳು ನಾನು.
ಆ ಮನೆಯಮ್ಮ ಒಳ್ಳೆಯವಳೇ. ಕರೆಯುತ್ತಿದ್ದದ್ದೂ ಪ್ರೀತಿಯಲ್ಲೇ.
ಬಾಳೆಕೀತು ಮಾತ್ರ ಮೇಲಿನಿಂದ ಬೀಳುತ್ತಿತ್ತು.'

ಜೋಯಲ್ ಮೊಬೈಲು ಮಗುಚಿಟ್ಟ.

'ಪರೀಕ್ಷೆಯೂ ಇರಬಹುದು ಮೇಷ್ಟ್ರೇ, ನನಗೇನು ಗೊತ್ತುಂಟು.
ಅವಳಿಗಂತೂ ಪರೀಕ್ಷೆಗೆ ಕೂರಲು ಹೊತ್ತಿರಲಿಲ್ಲ.
ರಸ್ತೆಗೆ ಮಣ್ಣು ಸುರಿದ ಆ ವರ್ಷ
ತಲಪಾಡಿಯಲ್ಲಿ ನಮ್ಮ ಆಂಬುಲೆನ್ಸೂ ನಿಂತಿತ್ತು.
ಆಚೆ ಆಸ್ಪತ್ರೆ, ಒಳಗೆ ಪ್ರಿಸ್ಸಿ ಉಸಿರೆಳೆಯುತ್ತಾ.
ನಿಮ್ಮವರಿಗೆ ನಿಮ್ಮಲ್ಲೇ ಆಸ್ಪತ್ರೆ ಇಲ್ವಾ ಎಂದ ಪೊಲೀಸಿನವ.
ಕನ್ನಡದಲ್ಲೇ ಎಂದ. ನಾನೂ ಕನ್ನಡದಲ್ಲೇ
ಹೌದು ಧಣಿ ಎಂದೆ.
ನೀವು ಹೇಳಿದ್ದೆಲ್ಲ ಹೌದು,
ಒಂದು ಅಗುಳಿನಷ್ಟು ದಾರಿ ಬಿಡಿ.'

ಮುಂದೇನಾಯಿತೆಂದು ಯಾರೂ ಕೇಳಲಿಲ್ಲ.
ನಮಗೆ ಗೊತ್ತಿತ್ತು. ಮಣ್ಣು ಕೊಡಲು ಹೋದ ನಾಲ್ವರಲ್ಲಿ ನಾನೊಬ್ಬ.
ಗೂಡ್ಸ್ ರೈಲೊಂದು ಮಾಡಿನ ಹೆಂಚು ನಡುಗಿಸಿ ಹೋಯಿತು,
ಬಹಳ ಹೊತ್ತು ಹೋಗುತ್ತಲೇ ಇತ್ತು.

'ಒಂದುಂಟು' ಎಂದಳು ಲೋಟ ಒಟ್ಟುಮಾಡುತ್ತಾ,
'ಅವಳ ಮಾತು ಕೇಳಿ ಆತ ತನ್ನ ಮಾತು ಬಿಟ್ಟ.
ದೊಡ್ಡವರು ಹಾಗೆ ಬಿಟ್ಟದ್ದು
ನಾನು ಕಂಡದ್ದು ಈ ಪುಟದಲ್ಲಿ ಮಾತ್ರ.
ಬರೆದವರು ಅದನ್ನು ಮುಚ್ಚಿಡಲಿಲ್ಲ. ನೀವು ಯಾಕೆ ತೇಪೆ ಹಾಕುತ್ತೀರಿ?
ಕೊನೆಯ ಸಾಲು ಇನ್ನೊಮ್ಮೆ ಓದಿ.'

ಓದಿದೆ. ಹೆಂಗಸು ಮನೆಗೆ ಹೋದಳು,
ಮಗು ಹಾಸಿಗೆಯ ಮೇಲೆ ಮಲಗಿತ್ತು,
ಕಾಡಿದ್ದು ಬಿಟ್ಟುಹೋಗಿತ್ತು.
ಅರ್ಥ ಹೇಳಲು ಮೇಷ್ಟ್ರು ಕೈ ಎತ್ತಿ, ಇಳಿಸಿದರು.

'ಇನ್ನೊಮ್ಮೆ.'

ಈ ಸಲ ನಿಧಾನ ಓದಿದೆ. ಹಾಸಿಗೆಯ ಸಾಲಿನ ಅಲ್ಪವಿರಾಮದಲ್ಲಿ
ತಾಯಿಯೊಬ್ಬಳು ಬಗ್ಗಿ
ಮಗಳ ಹಣೆ ಮುಟ್ಟಿ ನೋಡುವಷ್ಟು ಹೊತ್ತು
ನಿಂತೆ.